ಸಾವಿನ ಮನೆಯಲ್ಲಿ ಕೇಳಿಸಿಕೊಂಡ ಮಾತು

ಜೆಸಿಂತಾ, ನಿನ್ನ ಶರಲ್ ಕಾಲೇಜಿನ ಟೀಮ್ ಬಿಟ್ಟು ಹೋಗುತ್ತಾಳೆ ಎಂಬ ಸುದ್ದಿಯನ್ನು ಹಬ್ಬಿಸಿದವಳು ನಾನು. ಅವಳ ರೂಮಿನ ಬ್ರಿಯಾನಾ ಅಲ್ಲ. ನಾನು — ಸುಮಂಗಲಾ. ನಿನ್ನ ಮಗಳು ಭಾನುವಾರ ತಪ್ಪದೆ ಯಾರ ಮನೆಯಲ್ಲಿ ಊಟ ಮಾಡುತ್ತಿದ್ದಳೋ, ಯಾರನ್ನು ನಂಬಿ ನೀನು ಅವಳನ್ನು ನ್ಯೂಜೆರ್ಸಿಯ ಹಾಸ್ಟೆಲಿನಲ್ಲಿ ಬಿಟ್ಟು ನಿಮ್ಮ ಹಿಕ್ಸ್‌ವಿಲ್ ಮನೆಗೆ ಹೋಗಿ ನಿಶ್ಚಿಂತೆಯಿಂದ ಇದ್ದೆಯೋ, ಅವಳೇ.

ನಿನಗೆ ಗೊತ್ತಿರುವ ಸಂಗತಿಗಳನ್ನೇ ಮೊದಲಿನಿಂದ ಹೇಳಬೇಕಾಗಿದೆ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಹೇಳಿದ್ದು, ಇನ್ನರ್ಧ ನಾನು ಹೇಳದೆ ಉಳಿಸಿದ್ದು.

ಈ ಬ್ಯಾಸ್ಕೆಟ್‌ಬಾಲ್ ಹುಚ್ಚು ನನಗೆ ಹಿಡಿದದ್ದು ಶರಲ್ ಆ ಕಾಲೇಜು ಸೇರುವುದಕ್ಕೆ ಎಷ್ಟೋ ಮೊದಲು. ನಮ್ಮ ಮನೆಯವರ ಆಫೀಸಿನಲ್ಲಿ ಯಾರೋ ಪುಕ್ಕಟೆ ಟಿಕೆಟ್ ಕೊಟ್ಟರು, ಹೋದೆವು, ಅವರು ನಿದ್ದೆ ಮಾಡಿದರು, ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದೆ. ಆಗೆಲ್ಲ ಒಬ್ಬ ಹುಡುಗಿ ಟೀಮಿಗೆ ಬಂದಳೆಂದರೆ ನಾಲ್ಕು ವರ್ಷ ನಮ್ಮವಳು. ಮೊದಲ ವರ್ಷ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತವಳು ಕೊನೆಯ ವರ್ಷದ ಬೀಳ್ಕೊಡುಗೆಯಲ್ಲಿ ಅಪ್ಪ ಅಮ್ಮನ ನಡುವೆ ಹೂವು ಹಿಡಿದು ನಿಂತು ಅಳುವ ತನಕ ನೋಡುತ್ತಿದ್ದೆವು. ಯಾರಿಗೆ ಯಾವ ಮೊಣಕಾಲು ನೋಯುತ್ತದೆ, ಯಾರ ತಮ್ಮ ಯಾವ ಶಾಲೆ, ಎಲ್ಲ ಗೊತ್ತಿರುತ್ತಿತ್ತು.

ಈಗ ಆಟಗಾರರಿಗೆ ದುಡ್ಡು ಬರುತ್ತದೆ. ಬರಲೇಬೇಕಿತ್ತು — ಅವರ ಬೆವರಿನ ಮೇಲೆ ಉಳಿದವರು ಎಷ್ಟು ಕಾಲ ಉಂಡರು! ಬೇಡವೆನಿಸಿದರೆ ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಿ ಹೋಗಲೂ ಬಹುದು. ಅದೂ ನ್ಯಾಯವೇ. ನಾನು ಕೆಲಸ ಬದಲಿಸುವಾಗ ಯಾರ ಅಪ್ಪಣೆ ಕೇಳಿದ್ದೆ? ಆದರೆ ಗ್ಯಾಲರಿಯಲ್ಲಿ ಕೂತ ನಮ್ಮೊಳಗೆ ಏನೋ ಕೆಟ್ಟಿತು. ಚಳಿ ಮುಗಿಯಿತೆಂದರೆ ಅರ್ಧ ಟೀಮ್ ಖಾಲಿ, ಮತ್ತೆ ಹೊಸ ಮುಖಗಳು, ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಅವರೂ ಇಲ್ಲ. ಜನ ಬೆನ್ನ ಮೇಲೆ ಹೆಸರಿರುವ ಜರ್ಸಿ ಕೊಳ್ಳುವುದನ್ನೇ ಬಿಟ್ಟರು. ನನ್ನ ಹಿಂದಿನ ಸೀಟಿನ ಮುದುಕ, ವರ್ಷಗಳಿಂದ ಅದೇ ಸೀಟಿನಲ್ಲಿ ಕೂತು ಮಕ್ಕಳಿಗೆ ಚಪ್ಪಾಳೆ ತಟ್ಟಿದವನು, ಒಂದು ದಿನ ಹೇಳಿದ — ಈಗ ಇವರಿಗೆ ಸಂಬಳ ಇದೆ, ಇನ್ನು ಬೈಯಲು ನನಗೆ ಸಂಕೋಚವಿಲ್ಲ. ನಾನು ನಕ್ಕೆ. ಆಟಗಾರರಿಗೆ ಕೊಡಲೆಂದು ಅಭಿಮಾನಿಗಳು ನಡೆಸುವ ನಿಧಿಗೆ ನಾನೂ ತಿಂಗಳು ತಿಂಗಳು ಏನೋ ಒಂದಿಷ್ಟು ಕಟ್ಟುತ್ತಿದ್ದೆ. ದೊಡ್ಡ ಮೊತ್ತವಲ್ಲ. ಆದರೂ ಕಟ್ಟಲು ಶುರುಮಾಡಿದ ಮೇಲೆ ನನ್ನ ಕಣ್ಣು ಬೇರೆಯಾಯಿತು. ಮನೆಗೆ ಆಳು ಇಟ್ಟುಕೊಂಡವರು ಆಳು ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತಿಗೆ ಎದ್ದಳು ಎಂದು ನೋಡುತ್ತಾರಲ್ಲ — ಹಾಗೆ.

ಶರಲ್ ಆಳಲ್ಲ. ಅವಳು ನಮ್ಮ ಮನೆ ಹುಡುಗಿ. ಇದನ್ನು ನಾನು ಮರೆತೆ ಎಂದು ಹೇಳಿದರೆ ಸುಳ್ಳಾದೀತು. ಎರಡೂ ಒಟ್ಟಿಗೇ ಇದ್ದವು, ಅದೇ ಭಯಂಕರ.

ನಮ್ಮ ಅತ್ತೆಗೂ ಅವಳಿಗೂ ಇದ್ದ ಸಲುಗೆ ನೀನು ನೋಡಿದ್ದೀ. ಅತ್ತೆ ಗದಗಿನಿಂದ ಬಂದವರು, ಈ ಆಟವನ್ನು ಬುಟ್ಟಿ ಆಟ ಅನ್ನುತ್ತಿದ್ದರು. ಶರಲ್ ಟಿವಿಯಲ್ಲಿ ಕಂಡರೆ ಸೋಫಾದ ತುದಿಗೆ ಬಂದು ಕೂರುವರು. ಟ್ರಾನ್ಸ್‌ಫರ್ ವಿಷಯವನ್ನು ಅವರಿಗೆ ವಿವರಿಸಲು ಹೋಗಿ ನಾನು ಸೋತಿದ್ದೆ. "ಟ್ರಾನ್ಸ್‌ಫರ್ ಯಾರ ಮಾಡ್ತಾರ? ಸರಕಾರದವರೇನು?" ಎಂದು ಕೇಳಿದರು. ಆಟಗಾರರು ತಾವಾಗಿಯೇ ಹೋಗುತ್ತಾರೆ ಎಂದಾಗ, "ಹಂಗೂ ಇರ್ತದೇನು? ನಿಮ್ಮ ಮಾವಗ ಗೊತ್ತಿದ್ರ ಎಂದೋ ಗದಗಕ್ಕ ಬರ್ತಿದ್ರು" ಎಂದರು — ಮೇಷ್ಟರ ಹೆಂಡತಿಯಾಗಿ ಊರೂರು ಸಾಮಾನು ಹೊತ್ತವರು ಅವರು. ಶರಲ್ ಮೊದಲ ಸಲ ನಮ್ಮ ಮನೆಯಿಂದ ಹೊರಡುವಾಗ ತನ್ನ ಹರಕು ಕನ್ನಡದಲ್ಲಿ "ಹೋಗ್ತೇನೆ ಅಜ್ಜಿ" ಅಂದಿದ್ದಳು. ಅತ್ತೆ ಅವಳ ಕೈ ಹಿಡಿದು ನಿಲ್ಲಿಸಿದರು. "ಹೋಗ್ತೀನಿ ಅನಬಾರ್ದವಾ. ಬರ್ತೀನಿ ಅನಬೇಕು. ಹೋದವ್ರು ಹೊಳ್ಳಿ ಬರಬೇಕಲ್ಲ?" ಅಂದಿನಿಂದ ಅವಳು ಬಾಗಿಲಲ್ಲಿ ನಿಂತು, ನಮ್ಮ ಅತ್ತೆಯದೇ ದನಿಯಲ್ಲಿ, "ಬರ್ತೀನ್ರಿ ಅಜ್ಜಿ" ಎಂದು ರಾಗ ಎಳೆಯುತ್ತಿದ್ದಳು. ಅಷ್ಟು ಕನ್ನಡಕ್ಕೆ ಇಡೀ ಮನೆ ನಗುತ್ತಿತ್ತು.

ಅತ್ತೆ ತೀರಿಕೊಂಡದ್ದು ಆ ಚಳಿಗಾಲದಲ್ಲಿ, ಆಟಗಳು ಇನ್ನೂ ನಡೆಯುತ್ತಿದ್ದಾಗ. ನೀನೂ ರೋನಿಯೂ ಗಂಡಹೆಂಡಿರಿಬ್ಬರೂ ಶರಲ್‌ಳನ್ನು ಕರೆದುಕೊಂಡು ಮಾತಾಡಿಸಲು ಬಂದಿರಿ. ಅವಳು ಅಜ್ಜಿಯ ಕೋಣೆಯ ಬಾಗಿಲಲ್ಲಿ ತುಂಬ ಹೊತ್ತು ನಿಂತಳು. ಒಳಗೆ ಹೋಗಲಿಲ್ಲ. ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಸತ್ತವರ ಬಗ್ಗೆ ಒಂದು ಮಾತಾಡಬಹುದಿತ್ತು. ನಾನು ಕೇಳಿದ್ದೇನು ಗೊತ್ತೆ? ಮುಂದಿನ ವರ್ಷ ಇಲ್ಲೇ ಇರ್ತೀಯಲ್ಲ, ಅಂದೆ. ಅಭಿಮಾನಿಗಳ ಗುಂಪಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು, ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು — ಹೆಣ ಸುಟ್ಟು ಬಂದ ಮನೆಯಲ್ಲಿ ನಿಂತು ನಾನು ಮುಂದಿನ ವರ್ಷದ ಟೀಮಿನ ಲೆಕ್ಕ ಹಾಕುತ್ತಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. "ನಾಟ್ ಟುಡೇ, ಆಂಟಿ" ಅಂದಳು.

ಹೊರಡುವಾಗ ಬಾಗಿಲಲ್ಲಿ ತಲೆ ತಗ್ಗಿಸಿ ಅಂದಳು, "ಹೋಗ್ತೇನೆ ಆಂಟಿ." ತಿರುಗಿ ನೋಡದೆ ಕಾರಿನ ಕಡೆ ನಡೆದಳು.

ನೀನೂ ರೋನಿಯೂ ಏನು ಹೇಳಿ ಹೊರಟಿರಿ, ನೆನಪಿಲ್ಲ. ನಿಮ್ಮ ಮಾತಿನ ಮೇಲೆ ನನ್ನ ಕಿವಿಯೇ ಇರಲಿಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ. ಹೋಗ್ತೇನೆ. ಇಷ್ಟು ದಿನ ಬರ್ತೀನಿ ಅಂದವಳು ಇವತ್ತು ಹೋಗ್ತೇನೆ ಅಂದಳು, ಕಣ್ಣು ತಪ್ಪಿಸಿದಳು — ಇವಳು ಹೋಗುವವಳೇ, ಎಲ್ಲರ ಹಾಗೆ ಇವಳೂ ನಮ್ಮನ್ನು ಬಿಟ್ಟು ಹೋಗುವವಳೇ. ಮೊದಲು ಹೆದರಿಕೆಯಾಯಿತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಸಿಟ್ಟು ಬಂತು. ನಮ್ಮ ದುಡ್ಡು ತಿಂದು ಹೋಗುತ್ತಾಳೆ ಎಂದು ಅನ್ನಿಸಿತು. ನಾನೇ ಬಡಿದು ಹಾಕಿದ ರೊಟ್ಟಿ ತಿಂದವಳ ಬಗ್ಗೆ ಆ ಮಾತು ನನ್ನ ಮನಸ್ಸಿಗೆ ಹೇಗೆ ಬಂತೋ — ಬಂತು.

ಸೂತಕ ಕಳೆದು ಕೆಲಸಕ್ಕೆ ಹೊರಟ ಮೊದಲ ದಿನ, ಸೀಕಾಕಸ್ ಸ್ಟೇಷನ್ನಿನಲ್ಲಿ ಇಳಿದು ಮ್ಯಾನ್‌ಹಟನ್ ಟ್ರೇನಿಗೆ ಕಾಯುತ್ತಿದ್ದೆ. ಅಭಿಮಾನಿಗಳ ಆನ್‌ಲೈನ್ ಗುಂಪು ತೆರೆದೆ. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ, ನನಗೂ ಇರಲಿಲ್ಲ. ಒಬ್ಬ ಬರೆದಿದ್ದ, ಶರಲ್ ಇದ್ದಾಳಲ್ಲ, ಮುಂದಿನ ವರ್ಷ ನಮ್ಮದೇ ಎಂದು. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ತುರಿಕೆ ತಡೆಯಲಾಗಲಿಲ್ಲ. ಬರೆದೆ — "ಶರಲ್ ಹೋಗುತ್ತಾಳೆ. ಅವಳಿಗೆ ತೀರ ಹತ್ತಿರದವರು ಅವಳ ಬಾಯಿಂದಲೇ ಕೇಳಿದ್ದು." ಟ್ರೇನ್ ಬಂತು, ಹತ್ತಿದೆ. ಸುರಂಗ ದಾಟಿ ಪೆನ್ ಸ್ಟೇಷನ್ನಿನಲ್ಲಿ ಇಳಿಯುವಾಗ ಫೋನ್ ಬಿಸಿಯಾಗಿತ್ತು. ನೂರಾರು ಜನ ಅದನ್ನು ಎತ್ತಿಕೊಂಡಿದ್ದರು. ಯಾವ ಕಾಲೇಜು, ಎಷ್ಟು ಕೊಡುತ್ತಾರಂತೆ, ಯಾವಾಗಿನಿಂದ ಒಳಗೊಳಗೇ ಮಾತಾಡುತ್ತಿದ್ದಳಂತೆ — ನಾನು ಹೇಳದ್ದೆಲ್ಲ ಅದರೊಳಗೆ ಸೇರಿತ್ತು. ಅಳಿಸಿದೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜನ ಅದರ ಫೋಟೋ ಹಿಡಿದು ಇಟ್ಟುಕೊಂಡಿದ್ದರು.

ಅದರ ಮುಂದಿನ ಆಟಕ್ಕೆ ನೀನು ಬಂದಿದ್ದೆ, ನನ್ನ ಪಕ್ಕದಲ್ಲೇ ಕೂತಿದ್ದೆ. ಶರಲ್ ಹೆಸರು ಕೂಗಿದಾಗ ಮೊದಲು ಒಂದು ಮೂಲೆಯಿಂದ, ಆಮೇಲೆ ಸುತ್ತಲಿಂದ ಊಳಿಡುವ ಸದ್ದು ಬಂತು. ನೀನು ಅದನ್ನು ಹುರಿದುಂಬಿಸುವ ಕೂಗು ಎಂದು ತಿಳಿದು ನಗುತ್ತ ಎದ್ದು ನಿಂತೆ. ನಿನ್ನ ನಗು ಆರಿದ್ದನ್ನು ನಾನು ನೋಡಿದೆ. ಹಿಂದಿನ ಸೀಟಿನ ಮುದುಕ ಕೈಯಲ್ಲಿದ್ದ ಒಂದು ಡಾಲರ್ ನೋಟು ಆಡಿಸುತ್ತ ನಿನ್ನ ಮಗಳ ಹೆಸರು ಹಿಡಿದು ಕೂಗುತ್ತಿದ್ದ. ಅವಳು ಎರಡು ಸಲ ಚೆಂಡು ಕೈಬಿಟ್ಟಳು. ಕೋಚ್ ಅವಳನ್ನು ಕೂರಿಸಿದರು. ಅಲ್ಲಿಂದ ಅವಳು ಹೆಚ್ಚಾಗಿ ಕೂತೇ ಇದ್ದಳು — ಹೋಗುವವಳ ಮೇಲೆ ಯಾಕೆ ಶ್ರಮ ಹಾಕುವುದು ಎಂದು ಅವರಿಗೂ ಅನ್ನಿಸಿರಬೇಕು.

ಆಮೇಲೆ ನಿನ್ನ ಆ ಫೋನ್. ನೀನು ಡ್ಯೂಟಿಯಲ್ಲಿದ್ದೆ, ಆಸ್ಪತ್ರೆಯ ಯಾವುದೋ ಮೂಲೆಯಿಂದ ಮಾತಾಡುತ್ತಿದ್ದೆ. "ಸುಮಾ, ಯಾರೋ ಅವಳಿಗೆ ಮೆಸೇಜ್ ಹಾಕಿದ್ದಾರೆ. ಅವಳ ರೂಮಿನ ಕಿಟಕಿ ಯಾವುದಂತ ಅವರಿಗೆ ಗೊತ್ತುಂಟು ಮಾರಾಯ್ತಿ. ನೀನು ಹೋಗಿ ಕರ್ಕೊಂಡು ಬಾ, ಈಗಲೇ." ನಾನು ಆಫೀಸಿನಿಂದ ಬಂದ ಬಟ್ಟೆಯಲ್ಲೇ ಕಾರು ತೆಗೆದೆ. ಹಾಸ್ಟೆಲ್ ಎದುರು ಅವಳ ಕಾರಿನ ಗಾಜಿನ ತುಂಬ ಯಾರೋ ಬಿಳಿ ಬಣ್ಣದಲ್ಲಿ ಡಾಲರ್ ಗುರುತು ಬರೆದಿದ್ದರು. ಅವಳು ಹುಡ್ ಎಳೆದುಕೊಂಡು ಓಡಿ ಬಂದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಳು. ಆರಡಿ ಎತ್ತರದ ಹುಡುಗಿ, ಮೊಣಕಾಲು ಮಡಚಿ, ಯಾರಿಗೂ ಕಾಣದ ಹಾಗೆ. ಹೆದ್ದಾರಿಯಲ್ಲಿ ಒಂದು ಕಪ್ಪು ಗಾಡಿ ನಮ್ಮ ಹಿಂದೆಯೇ ಬಹಳ ದೂರ ಬಂತು. ಅದು ಯಾರೋ ಪಾಪ, ತಮ್ಮ ಪಾಡಿಗೆ ಹೋಗುತ್ತಿದ್ದವರೇ ಇರಬೇಕು. ಆದರೂ ನಾನು ಎರಡು ಸಲ ಲೇನ್ ಬದಲಿಸಿದೆ. ಆ ಗಾಡಿಯೊಳಗೆ ಇರುವವನನ್ನು ಕರೆದು ತಂದವಳೇ ನಾನು ಎಂದು ಗೊತ್ತಿದ್ದರಿಂದ ನನ್ನ ಹೆದರಿಕೆ ಅವಳದಕ್ಕಿಂತ ಹೆಚ್ಚಿತ್ತು.

ಈಗ ನಾನು ನಿನಗೆ ಹೇಳಲೇಬೇಕಾದದ್ದು ಇದು. ಸುದ್ದಿ ಬರೆದದ್ದು ಒಂದು ತಪ್ಪು. ಇದು ಇನ್ನೊಂದು, ಮತ್ತು ಇದೇ ದೊಡ್ಡದು.

ಹಿಂದಿನ ಸೀಟಿನಿಂದ ಅವಳು ಮಾತಾಡಲು ಶುರುಮಾಡಿದಳು. ದಕ್ಷಿಣದ ಯಾವುದೋ ಕಾಲೇಜಿನ ಪರವಾಗಿ ಯಾರೋ ಅವಳಿಗೆ ಫೋನ್ ಮಾಡಿದ್ದು ನಿಜವಂತೆ. ಒಲ್ಲೆ ಎಂದಳಂತೆ. "ಐ ಸೆಡ್ ನೋ, ಆಂಟಿ. ಐ ಸೆಡ್ ನೋ" ಎಂದು ಮತ್ತೆ ಮತ್ತೆ ಹೇಳಿದಳು. ಆ ಫೋನಿನ ವಿಷಯ ಅವಳು ಹೇಳಿದ್ದು ಒಬ್ಬಳಿಗೇ — ರೂಮಿನಲ್ಲಿ ಜೊತೆಗಿದ್ದ ಬ್ರಿಯಾನಾಗೆ. ಆ ಬರಹದಲ್ಲಿ ತೀರ ಹತ್ತಿರದವರು ಎಂದು ಇದೆ, ಅವಳ ಬಾಯಿಂದಲೇ ಕೇಳಿದ್ದು ಎಂದು ಇದೆ, ಹಾಗಾದರೆ ಬ್ರಿಯಾನಾನೇ ಇರಬೇಕಲ್ಲವೇ, ಎಂದು ಕೇಳಿದಳು. ನನ್ನ ಉತ್ತರಕ್ಕೆ ಕಾದಳು.

ನಾನು ಅಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅಂದಿದ್ದರೂ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಹೆಗಲು ಒರೆಸಿಕೊಳ್ಳಲು ಅವಳೇ ಬಟ್ಟೆ ಕೊಡುತ್ತಿದ್ದಳು. "ಇದ್ರೂ ಇರಬಹುದವಾ" ಅಂದೆ. ಹಿಕ್ಸ್‌ವಿಲ್ ಬರುವ ತನಕ ಹಿಂದಿನಿಂದ ಅಳು ಮಾತ್ರ ಕೇಳುತ್ತಿತ್ತು. ನೀನು ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡು, ನೀನಿಲ್ಲದಿದ್ದರೆ ಏನು ಗತಿ ಎಂದೆ.

ಚಳಿ ಕಳೆಯಿತು. ಶರಲ್ ನಿಜವಾಗಿಯೂ ಹೋದಳು — ಒಲ್ಲೆ ಎಂದಿದ್ದ ಅದೇ ದಕ್ಷಿಣದ ಕಾಲೇಜಿಗೆ. ಇಲ್ಲಿ ಇನ್ನು ಹೇಗೆ ಇದ್ದಾಳು? ಗುಂಪಿನಲ್ಲಿ ನನ್ನ ಸುಳ್ಳು ಹೆಸರಿಗೆ ಹೊಗಳಿಕೆಯೋ ಹೊಗಳಿಕೆ. ಇವರು ಮೊದಲೇ ಹೇಳಿದ್ದರು, ಇವರಿಗೆ ಒಳಗಿನ ಸುದ್ದಿ ಗೊತ್ತಾಗುತ್ತದೆ, ಮುಂದೆ ಯಾರು ಹೋಗುತ್ತಾರೆ ಹೇಳಿ ಎಂದು ಕೇಳಿದರು. ನಾನು ಗುಂಪು ಬಿಟ್ಟೆ. ಆದರೂ ಒಂದಷ್ಟು ದಿನ ಒಳಗೊಳಗೇ ಸಮಾಧಾನ ಇತ್ತು, ಸುಳ್ಳು ಯಾಕೆ ಹೇಳಲಿ — ಹೇಗಿದ್ದರೂ ಹೋಗುವವಳಾಗಿದ್ದಳು, ನಾನು ಕೇಳಿಸಿಕೊಂಡದ್ದು ಸರಿಯಾಗಿಯೇ ಇತ್ತು ಎಂದು.

ಆ ಸಮಾಧಾನವನ್ನು ನೀನೇ ಕಿತ್ತುಕೊಂಡೆ, ನಿನಗೇ ಗೊತ್ತಿಲ್ಲದೆ. ಅತ್ತೆಯ ವರ್ಷ ತುಂಬಿದ ಮೇಲೆ ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿದ್ದೆವಲ್ಲ. ನೀನು ಕ್ರೈಸ್ತಳಾದರೂ ಅಜ್ಜಿಯ ಹೆಸರಲ್ಲಿ ನಡೆಯುವುದಕ್ಕೆ ಬಾರದೆ ಇರುತ್ತೇನಾ ಎಂದು ಬಂದಿದ್ದೆ. ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತ ಅಜ್ಜಿಯನ್ನು ನೆನೆದು ನೀನು ಅಂದೆ:

"ಅವತ್ತು ನಿಮ್ಮಲ್ಲಿಗೆ ಬರುವಾಗ ಕಾರಲ್ಲೇ ಶರಲ್‌ಗೆ ಹೇಳಿ ಕೊಟ್ಟಿದ್ದೆ, ಸಾವಿನ ಮನೆಯಿಂದ ಹೊರಡುವಾಗ ಬರ್ತೇನೆ ಅಂತ ಹೇಳ್ಬಾರ್ದು, ಹೋಗ್ತೇನೆ ಅಂತ್ಲೇ ಹೇಳ್ಬೇಕು ಅಂತ. ಎಷ್ಟು ಬೇಜಾರು ಮಾಡ್ಕೊಂಡ್ಲು ಗೊತ್ತುಂಟಾ? ಅಜ್ಜಿ ಬೈತಾರೆ ಮಮ್ಮಿ, ಅಂದ್ಲು."

ನೀನು ನಕ್ಕೆ, ಕಣ್ಣು ಒರೆಸಿಕೊಂಡೆ. ನಾನು ಎತ್ತಿದ ತುತ್ತನ್ನು ತಟ್ಟೆಗೆ ಇಟ್ಟೆ.

ಸಾವಿನ ಮನೆಯಲ್ಲಿ ಬರ್ತೀನಿ ಅನ್ನಬಾರದು — ಇದು ನನಗೆ ಗೊತ್ತಿಲ್ಲದ ಮಾತೇ? ಗದಗಿನ ಓಣಿಯಲ್ಲಿ ಚಿಕ್ಕ ಹುಡುಗಿಯಾಗಿದ್ದಾಗಲೇ ಅವ್ವ ನನ್ನ ಬಾಯಿ ಮುಚ್ಚಿ ಕಲಿಸಿದ್ದು. ಆ ವಾರ ನಮ್ಮ ಮನೆಗೆ ಬಂದ ನಾಲ್ಕು ಮಂದಿ ಕನ್ನಡದವರೆಲ್ಲ ಹಾಗೇ ಹೊರಟಿದ್ದರು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿ, ಕನ್ನಡದ ಒಂದು ಅಕ್ಷರ ಓದಲು ಬಾರದ ಹುಡುಗಿ ನಮ್ಮ ಮನೆಯ ಸಾವಿಗೆ ಮರ್ಯಾದೆ ಕೊಟ್ಟಳು. ಸಾವು ಆದ ಮನೆಯ ಸೊಸೆಯಾದ ನನಗೆ ಅದು ಟ್ರಾನ್ಸ್‌ಫರ್ ಸುದ್ದಿಯಾಗಿ ಕೇಳಿಸಿತು. ಅತ್ತೆ ನಮ್ಮ ಜೊತೆ ಹನ್ನೊಂದು ವರ್ಷ ಇದ್ದರು. ಅವರು ಹೋದ ದುಃಖ ನನ್ನಲ್ಲಿ ಅಷ್ಟೇ ಇತ್ತು ಎಂದಾಯಿತಲ್ಲ.

ಅಂದು ಅಲ್ಲೇ ಹೇಳಬೇಕಿತ್ತು. ದೋಸೆ ಆರಿದೆ, ಬೇರೆ ತರಲಾ, ಎಂದು ನೀನು ಕೇಳಿದೆ. ಬೇಡ ಅಂದೆ. ಅಷ್ಟೇ.

ಅದರ ನಂತರ ನಿನ್ನ ಫೋನ್ ಬಂದಾಗಲೆಲ್ಲ ನನ್ನನ್ನು ಏನೆಂದು ಕರೆಯುತ್ತೀ ಎಂದು ಕಿವಿಗೊಡುತ್ತೇನೆ. ಮೊದಲ ಮಾತು ಸುಮಾ ಎಂದರೆ ಬದುಕಿದೆ ಎಂದುಕೊಳ್ಳುತ್ತೇನೆ. ಸುಮಂಗಲಾ ಎಂದು ಪೂರ್ತಿ ಹೆಸರು ಬಂದ ದಿನ ಮುಗಿಯಿತು ಎಂದು ಕಾಯುತ್ತಿದ್ದೇನೆ. ಆಟ ನೋಡುವುದನ್ನು ಬಿಟ್ಟೆ. ಅದು ಪಶ್ಚಾತ್ತಾಪವಲ್ಲ ಜೆಸಿಂತಾ, ಆ ಜನರ ನಡುವೆ ಕೂರಲು ಹೆದರಿಕೆ. ಒಂದೇ ಒಂದು ಸಾಲಿಗೆ ಅವರು ಹಾಗಾದರು. ನಾನೂ ಅವರಲ್ಲೊಬ್ಬಳಾಗಿದ್ದೆ.

ಹೋದ ವಾರ ನೀನು ಫೋನ್ ಮಾಡಿದೆ. ಶರಲ್ ಡಿಗ್ರಿ ಮುಗಿಸಿ ಬರುತ್ತಿದ್ದಾಳೆ ಎಂದೆ. ಬ್ರಿಯಾನಾ ಅಷ್ಟು ಕಾಲದ ಮೇಲೆ ನಿನಗೆ ಫೋನ್ ಮಾಡಿ ಅತ್ತಳಂತೆ — ನಾನು ಹೇಳಿಲ್ಲ, ಒಂದು ಸಲ ಶರಲ್ ಎದುರು ಕೂತು ಹೇಳಲು ಬಿಡಿ ಎಂದು. ನಿನ್ನ ಮನಸ್ಸು ಕರಗಿದೆ. ಶರಲ್‌ಳ ಮನಸ್ಸು ಕರಗಿಲ್ಲ. ಸುಮಾ ಆಂಟಿಗೂ ಗೊತ್ತು, ಅವರೇ ಅವತ್ತು ಕಾರಿನಲ್ಲಿ ಹೇಳಿದರು, ಬೇಕಾದರೆ ಕೇಳು ಎಂದಳಂತೆ. ನನ್ನ ಆ ಒಂದು "ಇರಬಹುದು" ಎರಡು ವರ್ಷದಲ್ಲಿ ಸಾಕ್ಷಿಯಾಗಿ ಬೆಳೆದು ನಿಂತಿದೆ. ನೀನು ಕೇಳಿದೆ, "ನೀನೇ ಹೇಳು ಸುಮಾ, ಆ ಹುಡುಗಿಯನ್ನು ಮನೆಗೆ ಸೇರಿಸ್ಬಹುದಾ?" ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನಿತ್ತು?

ಸೇರಿಸು. ಅವಳು ಬಂದಾಗ ಅವಳಿಗೆ ಏನನ್ನೂ ವಿವರಿಸಲು ಬಿಡಬೇಡ, ವಿವರಿಸಲು ಅವಳ ಬಳಿ ಏನೂ ಇಲ್ಲ. ಅವಳಿಗೆ ಇಂದು ಬೆಳಿಗ್ಗೆ ನಾನು ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಶರಲ್‌ಗೆ ಹೇಳಿದ್ದೀರಾ ಎಂದಳು. ಇನ್ನೂ ಇಲ್ಲ ಅಂದೆ. ಹಾಗಾದರೆ ನನಗೆ ಯಾಕೆ ಮೊದಲು ಹೇಳಿದಿರಿ ಎಂದು ಕೇಳಿದಳು. ನೀನು ಬೈದರೆ ನಾನು ತಡೆದುಕೊಳ್ಳಬಲ್ಲೆ, ಅದಕ್ಕೆ, ಅಂದೆ. ಅವಳು ಬೈಯಲಿಲ್ಲ. ಫೋನ್ ಇಟ್ಟಳು.

ಶನಿವಾರ ಏರ್‌ಪೋರ್ಟಿಗೆ ಹೋಗಿ ಶರಲ್‌ಳನ್ನು ಕರೆತರಲು ನನಗೇ ಹೇಳಿದ್ದೀ. ಇದನ್ನು ಓದಿದ ಮೇಲೂ ನೀನು ಬೇಡ ಅನ್ನದಿದ್ದರೆ ಹೋಗುತ್ತೇನೆ. ಅವಳಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು, ಅಷ್ಟನ್ನು ನನಗೆ ಬಿಡು. ಕಾರು ಸ್ಟಾರ್ಟ್ ಮಾಡುವ ಮೊದಲೇ ಹೇಳುತ್ತೇನೆ, ಬಾಗಿಲು ಲಾಕ್ ಮಾಡದೆ. ನೀನು ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡ, ರೋನಿಯನ್ನು ಇನ್ನೊಂದು ಗಾಡಿಯಲ್ಲಿ ಹತ್ತಿರದಲ್ಲೇ ಇರಲು ಹೇಳು. ಅವಳು ನನ್ನ ಜೊತೆ ಬರಲಿಕ್ಕಿಲ್ಲ.